ಟ್ರಂಕಿನ ಲಕ್ಷ್ಮಿ

ಚಂದ್ರಶಾನ ಮನೆಯಲ್ಲಿ ಆ ವರ್ಷದ ಜಗಳ ಶುರುವಾದದ್ದು ಒಂದು ತಗಡಿನ ಟ್ರಂಕಿನಿಂದ. ನೆಹರು ಗಂಜಿನ ಕಾಳುಪೇಟೆಯಲ್ಲಿ ಅವನದೊಂದು ಬೇಳೆಯ ಅಂಗಡಿ. ಅಂಗಡಿ ಚಿಕ್ಕದು, ಆಸೆ ದೊಡ್ಡದು. ಹೀಗಾಗಿ ಅಲ್ಲಿ ಹಿಡಿಸದ ಚೀಲಗಳು ಬ್ರಹ್ಮಪುರದ ಮನೆಗೆ ಬಂದು ಬೀಳುತ್ತಿದ್ದವು. ಮನೆಯೋ ಮೂರೇ ಖೋಲಿಯದು. ಒಂದರಲ್ಲಿ ಗಂಡ ಹೆಂಡತಿ, ಒಂದರಲ್ಲಿ ದೇವರ ಜೊತೆ ತಾಯಿ ಬಂಡಮ್ಮ, ಮೂರನೆಯದರಲ್ಲಿ ಚೀಲಗಳು. ಚೀಲಗಳು ಬಿಟ್ಟುಕೊಟ್ಟ ಜಾಗದಲ್ಲಿ ಚಂದ್ರಶಾನ ವಿಧವೆ ತಂಗಿ ಜಯದೇವಿ ಕಾಲು ಮಡಚಿ ಮಲಗುತ್ತಿದ್ದಳು. ಅವಳ ತಲೆದೆಸೆಯಲ್ಲಿ ಆ ಟ್ರಂಕು.

"ಅದನ್ನ ತಗದ್ರ ಇನ್ನ ನಾಕು ಚೀಲ ಕೂಡ್ತಾವ," ಎಂದಳು ಚಂದ್ರಶಾನ ಹೆಂಡತಿ ನೀಲಗಂಗಮ್ಮ. "ಏನದ ಅದರಾಗ? ಹುಡುಗೂರು ಓದೂ ಗೊಂಬಿ ಪುಸ್ತಕ. ಮೂವತ್ತು ದಾಟಿದ ಹೆಂಗಸು ಗೊಂಬಿ ಪುಸ್ತಕ ಕಾಯ್ಕೋತ ಕೂಡ್ತಾಳ."

"ನನ್ನ ತಲಿ ಕಡೆ ಇರ್ತದ ವೈನಿ. ನಿಮಗೇನು ತ್ರಾಸ ಕೊಡ್ತದ?"

"ನೀ ಒಬ್ಬಾಕಿ ಕೊಡೂ ತ್ರಾಸ ಸಾಲವಲ್ದೇನು?"

ಗೊಂಬಿ ಪುಸ್ತಕವೆಂದರೆ ಕಾಮಿಕ್ಸು. ಎಂಬತ್ತರ ದಶಕದಲ್ಲಿ, ಏಳನೆಯ ತರಗತಿ ಮುಗಿಯುತ್ತಲೇ ಜಯದೇವಿಯನ್ನು ಶಾಲೆ ಬಿಡಿಸಿದ್ದರು. ಹುಡುಗಿ ಅತ್ತು ಊಟ ಬಿಟ್ಟಾಗ, ಗಂಜಿನಲ್ಲಿ ಚೀಲ ತೂಗುವ ಕೆಲಸಕ್ಕಿದ್ದ ಅಪ್ಪ ಅಮೋಘಪ್ಪ ಮೋಮಿನಪುರದ ರದ್ದಿ ಅಂಗಡಿಯಿಂದ ಹಳೆಯ ಕಾಮಿಕ್ಸು ತಂದುಕೊಟ್ಟ. ನಾಲ್ಕಾಣೆಗೆ ಒಂದು. ಕನ್ನಡದವು, ಹಿಂದಿಯವು, ಅರ್ಥವಾಗದಿದ್ದರೂ ಚಿತ್ರ ಚೆಂದವಿದ್ದ ಇಂಗ್ಲಿಷಿನವು. ಅವಳು ಕೈ ತೊಳೆದು ಒರೆಸಿಕೊಂಡೇ ಮುಟ್ಟುವಳು. ಒಣಬೇವಿನ ಎಲೆ ಹಾಸಿ ಜೋಡಿಸಿಡುವಳು. ಬೇರೆ ಹುಡುಗಿಯರಿಗೆ ಬಳೆ, ಸರ ಇದ್ದಂತೆ ಅವಳಿಗೆ ಅವು. ಮದುವೆಯಾದಾಗ ಟ್ರಂಕು ಕಮಲಾಪುರಕ್ಕೆ ಹೋಯಿತು. ಗಂಡ ಕಾಮಾಲೆಯಾಗಿ ಸತ್ತ ಮೇಲೆ ಗಂಡನ ಮನೆಯವರು ಅವಳನ್ನೂ ಟ್ರಂಕನ್ನೂ ಒಂದೇ ಬಸ್ಸಿಗೆ ಹತ್ತಿಸಿದರು. ಮಗಳು ಸೂಗಮ್ಮಳನ್ನು ಮಾತ್ರ ಇಟ್ಟುಕೊಂಡರು. ಒಂಬತ್ತರ ಹುಡುಗಿ, ಸಗಣಿ ಬಳಿಯಲು ಒಂದು ಕೈಯಾಯಿತಲ್ಲ.

ಎರಡು ಸಾವಿರದ ಎರಡನೆಯ ಇಸವಿಯ ಶ್ರಾವಣದಲ್ಲಿ ನೀಲಗಂಗಮ್ಮ ಹಟ ಹಿಡಿದು, ಮೋಮಿನಪುರದ ರದ್ದಿಯ ಜುಬೇದಾಳನ್ನು ಮನೆಗೇ ಕರೆಸಿದಳು. ಜುಬೇದಾ ಕಟ್ಟೆಯ ಮೇಲೆ ತಕ್ಕಡಿ ಇಟ್ಟು, ಟ್ರಂಕಿನ ಬಾಯಿ ತೆಗೆದು, ಮೇಲಿನ ನಾಲ್ಕು ಪುಸ್ತಕ ನೋಡಿ ತಕ್ಕಡಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

"ಯಾಕ? ಬ್ಯಾಡೇನು?" ಎಂದಳು ನೀಲಗಂಗಮ್ಮ.

"ಬೇಕ್ರೀ ಅಕ್ಕಾ. ಖರೆ ಕಿಲೋದ ಲೆಕ್ಕದಾಗ ತಗೊಂಡ್ರ ನಾಳಿ ನೀವೇ ನನಗ ಬೈತೀರಿ. ಹೈದರಾಬಾದಿಂದ ಒಬ್ರು ಬರ್ತಾರ, ಇಂಥಾವೇ ಹುಡುಕ್ಕೋತ. ಹೋದ ಸಲ ಎರಡು ಪುಸ್ತಕಕ್ಕ ಆರುನೂರು ಕೊಟ್ಟು ಹೋದ್ರು. ಅವು ಇಷ್ಟು ಸಾಫ್ ಇರಲಿಲ್ಲ."

ನೀಲಗಂಗಮ್ಮ ಟ್ರಂಕಿನ ಮುಚ್ಚಳ ಮೆಲ್ಲಗೆ ಹಾಕಿದಳು. ಅಷ್ಟು ಮೆಲ್ಲಗೆ ಅವಳು ದೇವರ ಪೆಟ್ಟಿಗೆಯನ್ನೂ ಮುಚ್ಚಿದ್ದಿಲ್ಲ.

ಹೈದರಾಬಾದಿನ ಸೂರ್ಯಕಾಂತ ಮುಂದಿನ ಭಾನುವಾರವೇ ಬಂದ. ಹುಮನಾಬಾದ ಕಡೆಯ ಮನುಷ್ಯ, ಹಳೆಯ ಕಾಮಿಕ್ಸು ಕೊಂಡು ಮಾರುವುದೇ ಅವನ ದಂಧೆ. ಚಾಪೆಯ ಮೇಲೆ ಪಂಚೆ ಹಾಸಿ ಒಂದೊಂದನ್ನೇ ಅಂಗೈ ಮೇಲಿಟ್ಟು ನೋಡಿದ. ಚಹಾ ತಂದಿಟ್ಟರೆ ದೂರ ಸರಿಸಿದ.

"ಇವೇನು ಹಂತಾ ವಿಶೇಷರೀ?" ಎಂದ ಚಂದ್ರಶಾ. "ನಮ್ಮಪ್ಪ ನಾಕಾಣೆಕ್ಕ ತಂದಿದ್ದು."

"ಅಗ್ಗ ಇದ್ದಿದ್ದಕ್ಕೇ ಈಗ ತುಟ್ಟಿ ನೋಡ್ರಿ. ಅಗ್ಗದ್ದನ್ನ ಯಾರು ಜ್ವಾಕಿ ಮಾಡ್ತಾರ? ಓದಿದವ್ರು ಹರದ್ರು, ಕಿರಾಣಿಯವ್ರು ಪುಡಿಕಿ ಕಟ್ಟಿದ್ರು, ಉಳದದ್ದು ಒಲಿಗಿ ಹೋತು. ಈಗ ಆವಾಗಿನ ಹುಡುಗೂರು ದೊಡ್ಡವರಾಗಿ ಪಗಾರ ತಗೋತಾರ. ಸಣ್ಣಂದಿನ ಪುಸ್ತಕ ಬೇಕು ಅಂತಾರ, ಹೊಸಾದು ಅಚ್ಚು ಹಾಕಿದ್ದು ನಡ್ಯಂಗಿಲ್ಲ, ಹಳೀದೇ ಬೇಕು. ಇಲ್ಲಿ ನೋಡ್ರಿ, ಮೊದಲ್ನೇ ಸಂಚಿಕಿ, ಒಳಗ ಪುಕ್ಕಟ ಕೊಟ್ಟಿದ್ದ ಸ್ಟಿಕ್ಕರ್ ಸುದ್ದಾ ಹಂಗೇ ಅದ." ಅವನು ಜಯದೇವಿಯ ಕಡೆ ತಿರುಗಿದ. "ಹಚ್ಚಬೇಕು ಅನಸಲಿಲ್ಲೇನು ತಾಯಿ?"

"ಹಚ್ಚಿದ್ರ ಮುಗದು ಹೋಗ್ತಿತ್ರಿ," ಎಂದಳು ಜಯದೇವಿ.

ಒಟ್ಟಿಗೆ ನಲವತ್ತು ಸಾವಿರ ಎಂದ. ದೊಡ್ಡ ಗಿರಾಕಿ ಮುಂಬೈಯವನು, ದೀಪಾವಳಿ ಆದ ಮೇಲೆ ರೊಕ್ಕ ತಂದು ಒಯ್ಯುವೆ ಎಂದ. ಹೋಗುವಾಗ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ಪುಸ್ತಕದಾಗಿನ ಕಥಿಗಿ ಯಾರೂ ರೊಕ್ಕ ಕೊಡಂಗಿಲ್ಲ, ಮ್ಯಾಲಿನ ಹಾಳಿಗಿ ಕೊಡ್ತಾರ. ಎಣ್ಣಿ, ನೀರು, ಪೆನ್ನು ಒಂದೂ ಹತ್ತಬಾರದು. ಕಲೆ ಬಿತ್ತಂದ್ರ ರದ್ದಿ."

ಅವತ್ತು ರಾತ್ರಿ ಊಟಕ್ಕೆ ಕೂತಾಗ ನೀಲಗಂಗಮ್ಮ ಕರೆದಳು, "ಬಾ ಜಯಾ, ನಮ್ಮ ಕೂಡೇ ಕೂಡು." ಆ ಮನೆಗೆ ಬಂದಂದಿನಿಂದ ಜಯದೇವಿ ಎಲ್ಲರದೂ ಆದ ಮೇಲೆ ಬುಟ್ಟಿಯಲ್ಲಿ ಉಳಿದ ಒಣರೊಟ್ಟಿ ಉಂಡವಳು. ಈಗ ಬಿಸಿ ರೊಟ್ಟಿ, ಅದರ ಮೇಲೆ ಬೆಣ್ಣೆ. ಬಂಡಮ್ಮನೂ "ಸೊರಗಿದಿ ನೋಡವ್ವ" ಎಂದಳು. ಮಗಳು ಸೊರಗಿದ್ದು ತಾಯಿಗೆ ಕಾಣಲು ನಲವತ್ತು ಸಾವಿರದ ಬೆಳಕು ಬೇಕಾಯಿತು.

ಬೆಣ್ಣೆ ಕರಗುವುದರೊಳಗೆ ಚಂದ್ರಶಾ ಕೆಮ್ಮಿದ. "ಪುಸ್ತಕ ತಂದಾವ ಅಪ್ಪ. ಅಪ್ಪ ಹೋದ ಮ್ಯಾಲ ಅಪ್ಪಂದು ಅಂದ್ರ ಮನಿದು."

"ನನಗ ಅಂತ ತಂದಿದ್ದ ಅಣ್ಣಾ."

"ನಿನಗ ಇಲ್ಲಂದವ್ರು ಯಾರು? ನಿನಗೇನು ಬೇಕು ಹೇಳು."

ಜಯದೇವಿ ತಡಮಾಡದೆ ಹೇಳಿದಳು. ಎಷ್ಟು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದಳೋ. "ಒಂದು ಖೋಲಿ. ಹಿಂದಿನ ಓಣ್ಯಾಗ ಮುನ್ನೂರು ಕಿರಾಯಿಕ್ಕ ಅದ, ಸಾವಿರ ಮುಂಗಡ ಕೇಳ್ತಾರ. ಖಾನಾವಳಿಗಿ ರೊಟ್ಟಿ ಬಡದು ಕೊಡ್ತೀನಿ. ಸೂಗಿನ್ನ ಕರಕೊಂಡು ಬರ್ತೀನಿ. ಬ್ಯಾರೆ ಒಂದು ಪೈಸಾ ಬ್ಯಾಡ."

ಚಂದ್ರಶಾನಿಗೆ ನಗು ತಡೆಯಲಾಗಲಿಲ್ಲ. ಇಷ್ಟು ಅಗ್ಗದಲ್ಲಿ ಯಾವ ವ್ಯಾಪಾರವೂ ಅವನಿಗೆ ಕುದುರಿರಲಿಲ್ಲ. "ಅಷ್ಟೇನಾ? ಖೋಲಿದು ನನಗ ಬಿಡು," ಎಂದ. ಟ್ರಂಕನ್ನು ಎತ್ತಿ ದೇವರ ಖೋಲಿಗೆ ಒಯ್ದು, ಬೀಗ ಹಾಕಿ, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಟ್ರಂಕಿದ್ದ ಜಾಗದಲ್ಲಿ ಬೆಳಗಾಗುವಷ್ಟರಲ್ಲಿ ನಾಲ್ಕು ಚೀಲ ಬಂದಿದ್ದವು.

ಜಯದೇವಿ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದಳು. ಗಂಡನ ಅಣ್ಣ ಮಾಪಣ್ಣ ಕೆಂಪು ಬಾಳೆಯ ಗೊನೆಗಳನ್ನು ಟೆಂಪೋಗೆ ಹೇರಿಸುತ್ತಿದ್ದ. ಸೂಗಮ್ಮ ಗೊನೆ ಹೊತ್ತು ಹೊತ್ತು ಬಾಳೆಯ ಸೊನೆಯಿಂದ ಲಂಗ ಕರ್ರಗೆ ಮಾಡಿಕೊಂಡಿದ್ದಳು. ತಾಯಿಯನ್ನು ನೋಡಿ ನಕ್ಕಳು, ಕೆಲಸ ಬಿಟ್ಟು ಬರಲಿಲ್ಲ.

"ಶಾಲಿಗಿ ಹೋಗ್ಲಿಲ್ಲೇನು?" ಎಂದಳು ಜಯದೇವಿ.

"ಗೊನಿ ಇದ್ದ ದಿನ ಇಲ್ಲ. ಕಸ ಇದ್ದ ದಿನಾನೂ ಇಲ್ಲ," ಎಂದಳು ಹುಡುಗಿ.

ಮಾಪಣ್ಣ ಕೈ ಒರೆಸಿಕೊಳ್ಳುತ್ತ ಬಂದ. "ಭಾವರಿ, ನಾ ಖೋಲಿ ಹಿಡಿಯಾಕತ್ತೀನ್ರಿ," ಎಂದಳು ಜಯದೇವಿ. "ಸೂಗಿನ್ನ ನನ್ನ ಕಡೆ ಕಳಸ್ರಿ."

"ಕಳಸಬಾರದು ಅಂತ ನನಗೇನು ಹಟ ಅದ? ನಿನಗೇ ನಿಂತಲ್ಲಿ ನೆಲಿ ಇಲ್ಲ, ಅದಕ್ಕ ಬ್ಯಾಡ ಅಂತಿದ್ದೆ. ಪುಣೆದಾಗ ನಮ್ಮ ಬೀಗರ ಮನ್ಯಾಗ ಕೂಸು ನೋಡ್ಕೊಳ್ಳಾಕ ಒಂದು ಹುಡುಗಿ ಬೇಕಂತ. ಎರಡು ಹೊತ್ತು ಊಟ, ವರ್ಷಕ್ಕ ನನಗ ಇಷ್ಟು ಅಂತ ಮಾತಾಗ್ಯದ. ನೀ ಒಯ್ಯಾಕಿ ಇದ್ರ ಅದನ್ನ ಬಿಡ್ತೀನಿ."

"ನಾ ಒಯ್ತೀನಿ. ಪುಣೆಕ್ಕ ಕಳಸಬ್ಯಾಡ್ರಿ."

"ದೀಪಾವಳಿ ಆದ ಮ್ಯಾಲ ಬರೂ ಗೌರಿ ಹುಣ್ಣಿಮಿ ತನಕ ನೋಡ್ತೀನಿ. ಅವತ್ತು ನಾನೇ ಕರಕೊಂಡು ಬರ್ತೀನಿ. ಖೋಲಿ ಇತ್ತೋ, ನಿನ್ನ ಕೈಯಾಗ ಹಾಕ್ತೀನಿ. ಇಲ್ಲೋ, ಅಲ್ಲಿಂದೇ ಸ್ಟೇಷನ್ನಿಗಿ."

ಬಸ್ಸಿನವರೆಗೆ ಬಂದ ಸೂಗಮ್ಮ ಕೇಳಿದಳು, "ಖರೇನಾ ಅವ್ವಾ? ಹೋದ ವರ್ಷಾನೂ ಹೇಳಿದ್ದಿ."

"ಈ ಸಲ ಖರೆ," ಎಂದಳು ಜಯದೇವಿ.

ದೀಪಾವಳಿ ಬಂತು. ಗಂಜಿನ ಮಂದಿಗೆ ಅಮಾವಾಸ್ಯೆಯ ಲಕ್ಷ್ಮೀಪೂಜೆ ಎಂದರೆ ವರ್ಷದ ಭರವಸೆ. ತಿಜೋರಿಗೆ ಕುಂಕುಮ, ತಕ್ಕಡಿಗೆ ಕುಂಕುಮ, ತೂಕದ ಕಲ್ಲಿಗೂ ಕುಂಕುಮ. ರೊಕ್ಕ ತರುವ ವಸ್ತು ಯಾವುದಿದ್ದರೂ ಅದರ ಹಣೆಗೆ ಅರಿಷಿಣ ಕುಂಕುಮ ಬೀಳದಿದ್ದರೆ ಲಕ್ಷ್ಮಿ ಮುನಿಯುತ್ತಾಳೆ. ಅಂಗಡಿಯ ಪೂಜೆ ಮುಗಿಸಿ ಬಂದ ಚಂದ್ರಶಾ ಮನೆಯಲ್ಲಿ ಟ್ರಂಕಿನ ಬೀಗ ತೆಗೆದ.

"ಈ ವರ್ಷ ನಮ್ಮ ಮನ್ಯಾಗ ದೊಡ್ಡ ಲಕ್ಷ್ಮಿ ಅಂದ್ರ ಇದು," ಎಂದ. "ಒಂದೊಂದಕ್ಕೂ ಹಚ್ಚಬೇಕು. ಒಂದೂ ಬಿಡಬಾರದು."

ಅಡಿಗೆಮನೆಯಲ್ಲಿ ಕರ್ಚಿಕಾಯಿ ಕರಿಯುತ್ತಿದ್ದ ಜಯದೇವಿಗೆ ಅದು ಕೇಳಿಸಿತು. ಓಡಿ ಬಂದು ಬಾಗಿಲ ಹೊರಗೆ ನಿಂತಳು. "ಅಣ್ಣಾ, ಟ್ರಂಕಿಗಿ ಅಷ್ಟೇ ಹಚ್ರಿ. ಪುಸ್ತಕಕ್ಕ ಬ್ಯಾಡ. ಕಲೆ ಬೀಳಬಾರದು ಅಂತ ಅವ್ರು ಹೇಳಿಲ್ಲೇನು?"

ಬಂಡಮ್ಮ ಕುಂಕುಮದ ಬಟ್ಟಲು ಹಿಡಿದು ಕೂತಲ್ಲಿಂದಲೇ ತಿರುಗಿದಳು. "ಕುಂಕುಮಕ್ಕ ಕಲೆ ಅಂತಿ? ಎಣ್ಣಿ ಅಂದಾನ, ಪೆನ್ನು ಅಂದಾನ. ಕುಂಕುಮ ಅಂತ ಅಂದಾನೇನು? ನಿನ್ನ ಹಣಿ ಮ್ಯಾಲ ಇಲ್ಲ ಅಂತ ನಿನಗ ಅದು ಕಲೆ ಕಂಡದ."

ತಾನೂ ಗಂಡ ಸತ್ತವಳೇ ಆಗಿ, ಹಿರಿಯಳೆಂಬ ಸಲಿಗೆಯಲ್ಲಿ ಪೂಜೆಗೆ ಕೂತ ಹೆತ್ತ ತಾಯಿ ಆಡಿದ ಮಾತಿದು. ಲಿಂಗವಂತರಿಗೆ ಸೂತಕವಿಲ್ಲ ಎಂದು ಶ್ರಾವಣದ ಪುರಾಣದಲ್ಲಿ ಸ್ವಾಮಿಗಳು ಹೇಳಿದಾಗ ಎಲ್ಲರಿಗಿಂತ ಮುಂದೆ ಕೂತು ತಲೆಯಾಡಿಸಿದವಳೂ ಇವಳೇ.

"ಅವ್ವಾ, ನನ್ನ ಸೂಗಿ..."

"ಪೂಜಾದ ಹೊತ್ತಿನ್ಯಾಗ ಅಡ್ಡ ನಿಂದ್ರಬ್ಯಾಡ. ಹೋಗು, ಎಣ್ಣಿ ಕಾಯ್ದು ಹೊಗಿ ಬರಾಕತ್ತದ." ನೀಲಗಂಗಮ್ಮ ಎದ್ದು ಬಾಗಿಲು ಹಾಕಿಕೊಂಡಳು.

ಒಳಗೆ ಗಂಟೆ ಮೊಳಗಿತು. ಅರಿಷಿಣ ಕಲಸಿದ ಎಣ್ಣೆಯಲ್ಲಿ ಬೆರಳದ್ದಿ ಬಂಡಮ್ಮ ಹಚ್ಚಿದಳು, ಅದರ ಮೇಲೆ ನೀಲಗಂಗಮ್ಮ ಕುಂಕುಮ ಇಟ್ಟಳು, ಚಂದ್ರಶಾ ಒಂದು ಪುಸ್ತಕ ತೆಗೆದು ಇನ್ನೊಂದನ್ನು ಮುಂದಿಟ್ಟ. ಶ್ರದ್ಧೆಗೆ ಕೊರತೆ ಇರಲಿಲ್ಲ. ಜಯದೇವಿ ಒಲೆಯ ಮುಂದೆ ಕೂತು ಕರ್ಚಿಕಾಯಿ ಕರಕಲು ಮಾಡಿದಳು, ಅದಕ್ಕೂ ಬೈಸಿಕೊಂಡಳು.

ಸೂರ್ಯಕಾಂತ ಹೇಳಿದಂತೆ ಬಂದ. ಚೀಲದಲ್ಲಿ ರೊಕ್ಕ ಇತ್ತು, ಜೊತೆಗೆ ಪುಸ್ತಕ ಇಡಲು ಪ್ಲಾಸ್ಟಿಕ್ ಕವರುಗಳೂ ಇದ್ದವು. ಟ್ರಂಕು ತೆಗೆದವನು ಒಂದನ್ನು ನೋಡಿದ, ಎರಡನ್ನು ನೋಡಿದ, ಆಮೇಲೆ ಗಡಬಡಿಸಿ ತಳದವರೆಗೂ ಕೈ ಹಾಕಿದ. ಕರವಸ್ತ್ರದಿಂದ ಒಂದರ ಮೇಲೆ ಒರೆಸಿದರೆ ಕೆಂಪು ಇನ್ನಷ್ಟು ಹರಡಿತು.

"ಯಾರು ಮಾಡಿದ್ರಿ ಇದು?"

"ನಾವೇ," ಎಂದಳು ನೀಲಗಂಗಮ್ಮ ಹೆಮ್ಮೆಯಿಂದ. "ಒಂದೂ ಬಿಟ್ಟಿಲ್ಲ ನೋಡ್ರಿ."

ಸೂರ್ಯಕಾಂತ ಗೋಡೆಗೆ ಒರಗಿ ಕೂತ. ಕರವಸ್ತ್ರ ಮಡಚಿಕೊಳ್ಳುತ್ತ, "ಮುಗೀತು. ಎಣ್ಣಿ ಒಳಗ ತನಕ ಇಳದದ," ಎಂದ. "ಇನ್ನ ಇವು ಬರೇ ಓದಾಕ. ಬಂದೀನಿ, ಆ ತಾಯಿ ಮುಖಾ ನೋಡಿ ಎಲ್ಲಾ ಸೇರಿ ಮೂರು ಸಾವಿರ ಕೊಡ್ತೀನಿ."

ಜಯದೇವಿಗೆ ನಲವತ್ತರ ದುಃಖ ಆಗಲೇ ಇಲ್ಲ. ಸಾವಿರ ಮುಂಗಡ, ಮುನ್ನೂರು ಕಿರಾಯಿ, ಒಂದು ಚೀಲ ಜೋಳ. ಮೂರು ಸಾಕು. "ಕೊಡ್ರಿ ಅಣ್ಣಾ," ಎಂದಳು. "ಕೊಟ್ಟು ಬಿಡ್ರಿ."

ಆದರೆ ಚಂದ್ರಶಾ ಗಂಜಿನವನು. ಖರೀದಿಗೆ ಬಂದವನು ತೊಗರಿ ಚೀಲಕ್ಕೆ ಕೈ ಹಾಕಿ, ಕಾಳು ಕಚ್ಚಿ, 'ಹಸಿ ಅದ, ಹುಳ ಬಿದ್ದಾವ' ಎಂದು ಮುಖ ಕಿವುಚುವುದನ್ನು ದಿನಾ ನೋಡಿದವನು. ಹಾಗೆ ಹಳಿಯುವುದೇ ರೇಟು ಮುರಿಯುವ ರೀತಿ. ಅಂಥವನನ್ನು ಹೋಗಗೊಡಬೇಕು, ಮೂಲೆ ತಿರುಗುವುದರೊಳಗೆ ವಾಪಸು ಬರುತ್ತಾನೆ. ಅವನು ತಂಗಿಯ ಕಡೆ ತಿರುಗಿಯೂ ನೋಡಲಿಲ್ಲ.

"ನಲವತ್ತು ಅಂದವ್ರು ಮೂರಕ್ಕ ಬಂದ್ರಿ? ಇಂಥಾ ಆಟ ನಮ್ಮ ಗಂಜಿನ್ಯಾಗ ಭಾಳ ನೋಡೀವಿ. ಮೂವತ್ತೈದು ಆದ್ರ ಮಾತಾಡ್ರಿ."

"ಆಟ ಅಲ್ಲ ಮಾಲಕರ."

"ಹಂಗಾರ ನಡೀರಿ."

ಸೂರ್ಯಕಾಂತ ಎದ್ದು ಹೋದ. ಚಂದ್ರಶಾ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಮೂಲೆಯನ್ನೇ ನೋಡಿದ. ಆ ಮೂಲೆಯಿಂದ ಎಮ್ಮೆಗಳು ಬಂದವು, ಹಾಲಿನವನು ಬಂದ. ಹೈದರಾಬಾದಿನವನು ಬರಲಿಲ್ಲ.

"ಬರ್ತಾನ, ಎಲ್ಲಿ ಹೋಗ್ತಾನ," ಎಂದ ಚಂದ್ರಶಾ.

ಮರುದಿನದಿಂದ ಬೆಣ್ಣೆ ನಿಂತಿತು. ಒಂದು ವಾರಕ್ಕೆ ಜಯದೇವಿ ಮತ್ತೆ ಬುಟ್ಟಿಯ ತಳದ ರೊಟ್ಟಿಗೆ ಬಂದಳು. "ಪೂಜಾದ ಹೊತ್ತಿನ್ಯಾಗ ಬಾಗಲ್ದಾಗ ಬಂದು ನಿಂತಿ, ಲಕ್ಷ್ಮಿ ಹೊಳ್ಳಿ ಹೋದಳು," ಎಂದು ಬಂಡಮ್ಮ ಓಣಿಯ ಹೆಂಗಸರ ಮುಂದೆಲ್ಲ ಹೇಳಿದಳು. ಕೇಳಿದವರಲ್ಲಿ ಒಬ್ಬರೂ ಇಲ್ಲವೆನ್ನಲಿಲ್ಲ. ಟ್ರಂಕು ಮಾತ್ರ ದೇವರ ಖೋಲಿಯಲ್ಲೇ ಉಳಿಯಿತು. ಪೂಜೆ ಮಾಡಿದ್ದನ್ನು ಕದಲಿಸಬಾರದಂತೆ. ದಿನಾ ಸಂಜೆ ಅದರ ಮುಂದೆ ಒಂದು ದೀಪ.

ಹುಣ್ಣಿಮೆ ಹತ್ತಿರ ಬಂದಾಗ ಜಯದೇವಿ ಸಂತೆಯ ನೆಪ ಹೇಳಿ ಮೋಮಿನಪುರಕ್ಕೆ ಹೋದಳು. ಜುಬೇದಾ ಅವಳನ್ನು ಎಸ್‌ಟಿಡಿ ಬೂತಿಗೆ ಕರೆದೊಯ್ದು, ತಾನೇ ರೊಕ್ಕ ಕೊಟ್ಟು ಹೈದರಾಬಾದಿಗೆ ಫೋನು ಹಚ್ಚಿಸಿದಳು. ಜಯದೇವಿ ಅಲ್ಲಿಂದ ಮನೆಯವರೆಗೂ ನಡೆಯಲಿಲ್ಲ, ಓಡಿದಳು. ಚಂದ್ರಶಾ ಊಟಕ್ಕೆ ಕೂತಿದ್ದ.

"ಅಣ್ಣಾ, ಮೂರು ಸಾವಿರ ಈಗೂ ಕೊಡ್ತಾರಂತ. ಜುಬೇದಕ್ಕನ ಕೈಯಾಗ ಮಾಲ್ ಕೊಡ್ರಿ, ಆಕಿ ಕಡೆನೇ ರೊಕ್ಕ ಕಳಸ್ತಾರಂತ. ಹುಣ್ಣಿಮಿ ನಾಡದು ಬಂತು."

ಚಂದ್ರಶಾನ ಮುಖ ಅರಳಿತು. ಹೆಂಡತಿಯ ಕಡೆ ನೋಡಿದ. "ಹೇಳಿದ್ನಿಲ್ಲ ನಾ? ಇನ್ನೂ ಆಸೆ ಇಟ್ಟಾನ. ರದ್ದಿ ಆಗಿತ್ತಂದ್ರ ಯಾಕ ಕೇಳ್ತಿದ್ದ?"

"ಹೌದಲ್ಲ," ಎಂದಳು ನೀಲಗಂಗಮ್ಮ.

"ಈಗೇ ಬಿಗಿ ಹಿಡೀಬೇಕು. ಇನ್ನೊಂದು ತಿಂಗಳು ಬಿಡು, ತಾನೇ ಇಪ್ಪತ್ತೈದಕ್ಕ ಬರ್ತಾನ."

"ಅಣ್ಣಾ, ಒಂದು ತಿಂಗಳು ನನ್ನ ಕಡೆ ಇಲ್ಲ. ಖೋಲಿಗಿ ಸಾವಿರ ನೀವೇ ಕೊಡ್ರಿ. ಮಾರಿದ ಮ್ಯಾಲ ಎಲ್ಲಾ ನೀವೇ ಇಟ್ಕೊಳ್ರಿ."

"ಮಾಲು ಹೋಗೂಕಿಂತ ಮೊದಲ ಯಾರಾದ್ರೂ ಗಂಟು ಬಿಚ್ಚತಾರೇನು? ಮತ್ತ ಆ ಬೂತಿಗಿ ಹೋದ್ರ ಕಾಲು ಮುರೀತೀನಿ. ನಮ್ಮ ಗರಜು ಅವನಿಗಿ ಕಾಣಬಾರದು. ಸಾರು ನೀಡು."

ಜಯದೇವಿ ಸಾರು ನೀಡಿದಳು.

ಗೌರಿ ಹುಣ್ಣಿಮೆಯ ದಿನ ಮಧ್ಯಾಹ್ನ ಮಾಪಣ್ಣ ಬಂದ. ಸೂಗಮ್ಮಳ ತಲೆಗೆ ಎಣ್ಣೆ ಹಚ್ಚಿ ರಿಬ್ಬನ್ ಕಟ್ಟಿದ್ದರು. ಬಗಲಲ್ಲಿ ಬಟ್ಟೆಯ ಗಂಟು. ಓಣಿಯ ಹುಡುಗಿಯರು ಹೊಸ ಲಂಗ ಉಟ್ಟು ಸಕ್ಕರೆ ಗೊಂಬೆಯ ಆರತಿ ಹಿಡಿದು ಗುಡಿಗೆ ಹೊರಟಿದ್ದರು. ಸೂಗಮ್ಮ ಕಟ್ಟೆಯ ಮೇಲೆ ಕೂತು ಅವರನ್ನು ನೋಡಿದಳು.

"ಎಲ್ಲಿ ಖೋಲಿ?" ಎಂದ ಮಾಪಣ್ಣ.

"ಇನ್ನ ಸ್ವಲ್ಪ ದಿನ ಭಾವರಿ," ಎಂದಳು ಜಯದೇವಿ.

"ವ್ಯವಹಾರ ನಡದದ," ಎಂದ ಚಂದ್ರಶಾ. "ಒಂದು ತಿಂಗಳು ತಡೀರಿ."

"ನಿಮ್ಮ ವ್ಯವಹಾರ ತಗೊಂಡು ನಾ ಏನು ಮಾಡ್ಲಿ? ನನಗ ಮೊದಲೇ ಗೊತ್ತಿತ್ತು. ಟಿಕೆಟ್ ತಗಸಿಕೊಂಡೇ ಬಂದೀನಿ."

ಜಯದೇವಿ ಅಣ್ಣನ ಕಾಲು ಹಿಡಿದಳು. "ಚೀಲದ ನಡುವ ನನ್ನ ಕೂಡೇ ಮಲಗ್ತಾಳ. ನನ್ನ ರೊಟ್ಟ್ಯಾಗ ಅರ್ಧಾ ಕೊಡ್ತೀನಿ. ನಿಮಗ ಒಂದು ತುತ್ತು ಹೆಚ್ಚಿಂದು ಬೀಳಂಗಿಲ್ಲ."

"ಇವತ್ತ ಅರ್ಧಾ ರೊಟ್ಟಿ ಅಂತಿ," ಎಂದಳು ನೀಲಗಂಗಮ್ಮ. "ಹೆಣ್ಣು ಬೆಳಿತದ. ನಾಳಿ ಲಗ್ನ ಯಾರ ತಲಿ ಮ್ಯಾಲ?"

ಜಯದೇವಿ ತಾಯಿ ಕಡೆ ನೋಡಿದಳು. ಬಂಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಕಳಸವ್ವ. ಅಲ್ಲಿ ಹೊಟ್ಟಿತುಂಬ ಉಣ್ತದ ಕೂಸು," ಎಂದಳು. ಅಷ್ಟು ಹೇಳಿ ಟ್ರಂಕಿನ ದೀಪಕ್ಕೆ ಎಣ್ಣೆ ಹಾಕಲು ಒಳಗೆ ಹೋದಳು.

ಮಾಪಣ್ಣ ಚಹಾ ಕುಡಿದು ಎದ್ದ. ಜಯದೇವಿ ಹಿಂದೆ ಹೋದಳು. "ಪುಣೆದಾಗ ಎಲ್ಲಿ ಅಂತ ಪತ್ತೆ ಹೇಳ್ರಿ ಭಾವರಿ."

"ಪತ್ತೆ ತಗೊಂಡು ಏನು ಮಾಡ್ತಿ? ಹೋಗಾಕ ರೊಕ್ಕ ಅದಾವೇನು?"

ಸೂಗಮ್ಮ ಅಳಲಿಲ್ಲ, ಹಟ ಮಾಡಲಿಲ್ಲ. ಗಂಟನ್ನು ಬಗಲಿಗೆ ಒತ್ತಿಕೊಂಡು ದೊಡ್ಡಪ್ಪನ ಹಿಂದೆ ನಡೆದಳು. ಓಣಿಯ ಮೂಲೆ ಮುಟ್ಟಿದವಳು ಮಾತ್ರ ಅಲ್ಲಿಂದ ಹೊಳ್ಳಿ ಓಡುತ್ತ ಬಂದಳು. ಜಯದೇವಿ ಎರಡೂ ಕೈ ಚಾಚಿದಳು. ಹುಡುಗಿ ಅಪ್ಪಿಕೊಳ್ಳಲು ಬಂದವಳಲ್ಲ. ಏದುಸಿರು ಬಿಡುತ್ತ ಎದುರಿಗೆ ನಿಂತಳು.

"ಅವ್ವಾ, ಅಲ್ಲಿ ಕೂಸು ಅತ್ರ ಹೆಂಗ ಸುಮ್ಮಗ ಮಾಡಬೇಕು? ಅಳಿಸಿದ್ರ ಬಡೀತಾರಂತ. ನೀ ನನಗ ಹೆಂಗ ಮಾಡ್ತಿದ್ದಿ?"

ಜಯದೇವಿ ಚಾಚಿದ ಕೈಯನ್ನು ಮಗಳ ಹೆಗಲಿಗಿಟ್ಟಳು. "ಇಲ್ಲಿ ಹಾಕ್ಕೋಬೇಕು. ತಲಿ ಈ ಕಡೆ. ಬೆನ್ನ ಮ್ಯಾಲ ತಟ್ಟಬೇಕು."

ಸೂಗಮ್ಮ ಬಟ್ಟೆಯ ಗಂಟನ್ನು ಹೆಗಲಿಗೆ ಹಾಕಿಕೊಂಡು ಎರಡು ಸಲ ತಟ್ಟಿ ತೋರಿಸಿದಳು. "ಹಿಂಗ?"

"ಇನ್ನ ಮೆಲ್ಲಗ," ಎಂದಳು ಜಯದೇವಿ.

ಹುಡುಗಿ ಇನ್ನಷ್ಟು ಮೆಲ್ಲಗೆ ತಟ್ಟಿದಳು. ಮೂಲೆಯಿಂದ ಮಾಪಣ್ಣ ಕೂಗಿದ. ಅವಳು ಗಂಟನ್ನು ಹಾಗೆಯೇ ಹೆಗಲ ಮೇಲೆ ತಟ್ಟಿಕೊಳ್ಳುತ್ತ ಸ್ಟೇಷನ್ನಿನ ದಾರಿ ಹಿಡಿದಳು.